ಚೈತ್ರದ ಹೊಳೆ, ಕಲ್ಲಿನ ಕೋಟೆ

ಯುಗಾದಿ ಕಳೆದು ರಾಮನವಮಿ ಬರುವಷ್ಟರಲ್ಲಿ ಕೆಂಗಲ್ಲಿನ ಹೊಂಗೆಮರಗಳೆಲ್ಲ ಹೊಸ ಎಲೆ ಹೊತ್ತು ನಿಂತಿರುತ್ತವೆ. ಆಂಜನೇಯನ ಗುಡಿಯ ಕಡೆ ಬೆಳಗ್ಗೆ ಗುಡಿಸಿದ ನೆಲ ಮಧ್ಯಾಹ್ನಕ್ಕೆ ಹೊಂಗೆ ಹೂವಿನಿಂದ ಮತ್ತೆ ತುಂಬುತ್ತದೆ. ರಾಮನಗರದ ಬೆಟ್ಟಗಳ ಓರೆಯಲ್ಲಿ ಮುತ್ತುಗದ ಕೆಂಪು ಮುಗಿಯುತ್ತ ಬಂದು, ಬೇವಿನ ಹೂವಿನ ಘಮ ಏಳುವ ಹೊತ್ತು ಅದು. ಮಾವಿನ ತೋಪುಗಳಲ್ಲಿ ಕಾಯಿ ಬಲಿಯುತ್ತಿರುತ್ತದೆ. ರಾತ್ರಿ ಕಾವಲಿನವರ ಬ್ಯಾಟರಿ ಬೆಳಕು ಮರದಿಂದ ಮರಕ್ಕೆ ಓಡಾಡುತ್ತದೆ. ಈ ದಿನಗಳು ಬಂದರೆ ನನಗೆ ಶ್ರೀರಂಗಪಟ್ಟಣಕ್ಕೆ ಹೋಗಬೇಕೆನಿಸುತ್ತದೆ. ದಸರೆಗೆ, ವೈಕುಂಠ ಏಕಾದಶಿಗೆ, ರಥಸಪ್ತಮಿಗೆ ಆ ಊರಿಗೆ ಹೋಗುವವರು ಬಹಳ. ಚೈತ್ರದಲ್ಲಿ, ಅದೂ ಬಿಸಿಲು ನೆತ್ತಿಗೇರುವ ಈ ಕಾಲದಲ್ಲಿ, ಕೋಟೆ ಗೋಡೆ ಸುತ್ತಲು ಹೋಗುವವರು ಕಡಿಮೆ. ಆದರೆ ಕಾವೇರಿ ಇಳಿದು ಬಂಡೆಗಳು ಮೇಲೆದ್ದಾಗ ನೋಡಿದರೇನೇ ಆ ದ್ವೀಪದ ಊರು ಹೇಗೆ ಬದುಕಿತು, ಹೇಗೆ ಬಿತ್ತು ಎಂಬುದು ಕಣ್ಣಿಗೆ ಕಟ್ಟುವುದು.

ಈ ವರ್ಷ ರಾಮನವಮಿಯ ದಿನವೇ ಹೊರಟೆ. ಕೆಂಗಲ್ಲಿನಲ್ಲಿ ಬೆಳಗಿನ ಪೂಜೆ ಮುಗಿದು ಪಾನಕದ ಹಂಡೆಗೆ ಬೆಲ್ಲ ಕದಡುತ್ತಿದ್ದರು. ಹಳೆಯ ಹೆದ್ದಾರಿಯಲ್ಲಿ ಅಷ್ಟೇನೂ ಗದ್ದಲವಿಲ್ಲ. 2023ರ ಮಾರ್ಚ್‌ನಲ್ಲಿ ಹೊಸ ದಶಪಥ ತೆರೆದ ಮೇಲೆ ಬೆಂಗಳೂರು–ಮೈಸೂರಿನ ಅವಸರವೆಲ್ಲ ಊರುಗಳಿಂದಾಚೆ ಸರಿದುಹೋಗಿದೆ. ಹಳೆಯ ರಸ್ತೆ ಮಾತ್ರ ಈಗಲೂ ಊರೂರನ್ನು ಮಾತಾಡಿಸಿಕೊಂಡೇ ಹೋಗುತ್ತದೆ.

ಈ ರಸ್ತೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಶ್ರೀರಂಗಪಟ್ಟಣದ ಕೋಟೆ ಕಾವೇರಿಯ ದಡದಲ್ಲಿ ಶುರುವಾಗುತ್ತದೆ ಎಂದು ಪ್ರವಾಸಿಗರು ತಿಳಿದಿರುತ್ತಾರೆ. ನಮ್ಮ ಕಡೆಯಲ್ಲಿ ಹುಟ್ಟಿ ಬೆಳೆದವರಿಗೆ ಹಾಗನ್ನಿಸುವುದಿಲ್ಲ. ಮಾಗಡಿಯ ಸಾವನದುರ್ಗ, ಹುತ್ರಿದುರ್ಗ, ರಾಮಗಿರಿ, ಶಿವನಗಿರಿ, ಇವೆಲ್ಲ ಆ ದ್ವೀಪದ ಹೊರಬಾಗಿಲುಗಳೇ. ಬೆಂಗಳೂರಿನಿಂದ ಬರುವ ಸೈನ್ಯ ಈ ಬೆಟ್ಟಗಳ ಕಣ್ಣಿಗೆ ಬೀಳದೆ ಪಟ್ಟಣ ಸೇರುವಂತಿರಲಿಲ್ಲ. 1791ರ ಡಿಸೆಂಬರ್ 21ರಂದು ಇಂಗ್ಲಿಷ್ ದಂಡನಾಯಕ ಕಾರ್ನ್‌ವಾಲಿಸ್‌ನ ಪಡೆ ಸಾವನದುರ್ಗವನ್ನು ಹಿಡಿಯಿತು. ಅದರ ಹಿಂದೆಯೇ ಮಿಕ್ಕ ಗಿರಿದುರ್ಗಗಳೂ ಬಿದ್ದವು. ಆ ಬಾಗಿಲುಗಳನ್ನು ಮುರಿದುಕೊಂಡ ಮೇಲೇ ಅವನು ಮತ್ತೆ ಕಾವೇರಿಯ ಕಡೆ ಮುಖ ಮಾಡಿದ್ದು. ಕನಕಪುರದ ಪಾಡು ಇನ್ನೂ ಕಷ್ಟದ್ದು. ಆಗ ಅದು ಕಾನಕಾನಹಳ್ಳಿ. ದಂಡು ಆ ದಾರಿಯಲ್ಲಿ ಬರುವುದನ್ನು ಅರಿತು, ಶತ್ರುವಿಗೆ ಹಿಡಿ ಹುಲ್ಲೂ ಸಿಗಬಾರದೆಂದು ಟಿಪ್ಪುವೇ ಆ ಊರನ್ನು ಎರಡು ಸಲ ಹಾಳುಮಾಡಿಸಿದನೆಂದು ಹಳೆಯ ಗೆಜೆಟಿಯರ್‌ಗಳು ದಾಖಲಿಸಿವೆ. ಒಂದು ದ್ವೀಪದ ಗೋಡೆ ಉಳಿಯಲೆಂದು ಅರ್ಕಾವತಿಯ ದಡದ ಒಂದು ಊರು ಉರಿಯಿತು. ಕೋಟೆಯ ಕಥೆಯಲ್ಲಿ ಕನಕಪುರದ ಹೆಸರನ್ನು ಯಾರೂ ನೆನೆಯುವುದಿಲ್ಲ; ನೆನೆಯಬೇಕು.

ಚನ್ನಪಟ್ಟಣಕ್ಕೂ ತನ್ನದೇ ಕೋಟೆಯಿತ್ತು. ವಿಜಯನಗರದ ಅರಸರಿಂದ ಸೀಮೆ ಪಡೆದ ಜಗದೇವರಾಯ 1580ರ ಸುಮಾರಿಗೆ ಕಟ್ಟಿಸಿದ್ದು. 1630ರಲ್ಲಿ ಅದು ಮೈಸೂರು ಒಡೆಯರ ಕೈಸೇರಿತು. ಟಿಪ್ಪುವಿನ ಧರ್ಮಗುರುವಿನ ಗೋರಿ ಇರುವುದು ಇದೇ ಊರಿನಲ್ಲಿ. ಅಲ್ಲೇ ಇನ್ನೊಂದು ಗೋರಿ, ಬೆಂಗಳೂರಿನ ಕಿಲ್ಲೇದಾರನಾಗಿದ್ದ ಸಯ್ಯದ್ ಇಬ್ರಾಹಿಂನದು. ಸೆರೆಸಿಕ್ಕ ಇಂಗ್ಲಿಷರನ್ನು ದಯೆಯಿಂದ ಕಂಡವನು ಎಂದು ಶತ್ರುಗಳೇ ಅವನ ಹೆಸರು ಉಳಿಸಿದರು. ಬೊಂಬೆ ಕೊಳ್ಳಲು ಇಳಿಯುವ ಸಾವಿರಾರು ಜನರಲ್ಲಿ ಒಬ್ಬಿಬ್ಬರಾದರೂ ಆ ಗೋರಿಗಳ ತನಕ ನಡೆದುಹೋದರೆ ಚೆನ್ನ.

ಚನ್ನಪಟ್ಟಣದಲ್ಲಿ ರೈಲು ಹತ್ತಿದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಬರಿ ಚೀಲ ಮಡಚಿಕೊಂಡು ಊರಿಗೆ ಹೊರಟ ರೈತರು ಬಾಗಿಲ ಬಳಿ ಕೂತು ದರದ ಮಾತಾಡುತ್ತಿದ್ದರು. ಹಿಪ್ಪುನೇರಳೆಯ ಹಸಿರು, ತೆಂಗಿನ ಸಾಲು, ನೀರು ತಳ ಕಂಡ ಕೆರೆ, ಕೆರೆಯಂಗಳದಲ್ಲಿ ಎಮ್ಮೆ. ಮದ್ದೂರಿನಲ್ಲಿ ವಡೆಯ ಬುಟ್ಟಿ ಹತ್ತಿತು. ಅಲ್ಲಿಂದ ಅಷ್ಟು ದೂರವಲ್ಲದ ಕೊಕ್ಕರೆಬೆಳ್ಳೂರಿನಲ್ಲಿ ಈಗ ಹುಣಸೆಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮರಿಗಳಿಗೆ ಗುಟುಕು ಕೊಡುವ ಕಾಲ. ಮಂಡ್ಯ ದಾಟಿದರೆ ಕಬ್ಬು. ನಾಲೆಯ ನೀರು ಸಿಕ್ಕ ಗದ್ದೆ ಹಸಿರು, ಸಿಗದ ಗದ್ದೆ ಬೂದು. ಪಾಂಡವಪುರ ಬಂತು. ಹೈದರ್, ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದರಿಂದ ಬಹಳ ವರ್ಷ ಫ್ರೆಂಚ್ ರಾಕ್ಸ್ ಎಂದೇ ಕರೆಸಿಕೊಂಡ ಊರು. ಮುಂದೆ ಎಡಗಡೆ ಕರಿಘಟ್ಟ. ಆಮೇಲೆ ರೈಲು ವೇಗ ತಗ್ಗಿಸಿ ಕಾವೇರಿಯ ಉತ್ತರದ ಕವಲಿನ ಸೇತುವೆ ಮೇಲೆ ಬರುತ್ತದೆ.

ಈ ಸೇತುವೆಯ ಮೇಲೆ ಕಿಟಕಿ ಬಿಟ್ಟು ಏಳಬಾರದು. ಕೆಳಗೆ ಹೊಳೆಯೆಂದರೆ ಬಂಡೆ, ಬಂಡೆ, ಮತ್ತೆ ಬಂಡೆ. ಅವುಗಳ ನಡುವೆ ನೀರು ನಾಲ್ಕಾರು ಎಳೆಯಾಗಿ ಹರಿಯುತ್ತಿತ್ತು. ಎದುರಿಗೆ ಬೂದುಬಣ್ಣದ ಗೋಡೆ. ಕಣ್ಣು ಮಿಟುಕಿಸುವಷ್ಟರಲ್ಲಿ ರೈಲು ಆ ಗೋಡೆಯ ಸಾಲನ್ನು ಸೀಳಿಕೊಂಡು ಕೋಟೆಯೊಳಗೇ ನುಗ್ಗಿರುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಹಳಿ ಹಾಕಿದವರು ಕೋಟೆಯನ್ನು ಬಳಸಿ ಹೋಗಲಿಲ್ಲ. ಇತ್ತೀಚೆಗೆ ಜೋಡಿಹಳಿ ಮಾಡುವಾಗ ಟಿಪ್ಪುವಿನ ಕಾಲದ ಒಂದು ಶಸ್ತ್ರಾಗಾರ ಅಡ್ಡ ಬಂತು. ಈ ಬಾರಿ ಒಡೆಯಲಿಲ್ಲ. 2017ರಲ್ಲಿ ಆ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ, ಸುಮಾರು 130 ಮೀಟರ್ ಆಚೆಗೆ ಸಾಗಿಸಿ ಕೂರಿಸಿದರು. ಹಳೆಯ ಕಟ್ಟಡವೊಂದನ್ನು ಉಳಿಸಬೇಕೆಂಬ ಮನಸ್ಸಿದ್ದರೆ ರೈಲೂ ಓಡುತ್ತದೆ, ಗೋಡೆಯೂ ಉಳಿಯುತ್ತದೆ ಎಂಬುದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ ಅದು. ನಿಲ್ದಾಣದಲ್ಲಿ ಇಳಿದ ಕೂಡಲೇ ನಾನು ನೋಡುವುದು ಅದನ್ನೇ.

ಪಶ್ಚಿಮದಲ್ಲಿ ಕಾವೇರಿ ಎರಡಾಗಿ ಒಡೆದು, ಸುಮಾರು ಐದು ಕಿಲೋಮೀಟರ್ ಉದ್ದದ ನೆಲವನ್ನು ತಬ್ಬಿಕೊಂಡು, ಪೂರ್ವದ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಕೋಟೆಯಿರುವುದು ಈ ನೆಲದ ಪಶ್ಚಿಮದ ತುದಿಯಲ್ಲಿ, ಹೊಳೆ ಒಡೆಯುವ ಕಡೆಗೆ. ಮೊದಲು ಬಂದವನು ದೇವರು: ಕ್ರಿ.ಶ. 894ರಲ್ಲಿ ಗಂಗರ ಕಾಲದ ತಿರುಮಲಯ್ಯ ರಂಗನಾಥನ ಗುಡಿ ಕಟ್ಟಿಸಿದ ಎನ್ನುತ್ತಾರೆ. ಗೋಡೆ ಬಂದದ್ದು ಅದಾಗಿ ಐನೂರೈವತ್ತು ವರ್ಷದ ಮೇಲೆ. 1454ರಲ್ಲಿ ನಾಗಮಂಗಲದ ಕಡೆಯ ತಿಮ್ಮಣ್ಣ ದಂಡನಾಯಕ ವಿಜಯನಗರದಿಂದ ಅಪ್ಪಣೆ ತಂದು ಕೋಟೆ ಎಬ್ಬಿಸಿದ; ಗುಡಿಯನ್ನೂ ಹಿಗ್ಗಿಸಿದ. ಕಳಸವಾಡಿಯ 101 ಜೈನ ಬಸದಿಗಳ ಕಲ್ಲನ್ನು ಅದಕ್ಕೆ ಹೊತ್ತು ತಂದರೆಂದು ಸ್ಥಳದ ಕಥೆ. ಮುಂದೆ ವಿಜಯನಗರದ ಪ್ರತಿನಿಧಿಗಳು ಇಲ್ಲಿಂದ ಸೀಮೆಯಾಳಿದರು. 1610ರಲ್ಲಿ ರಾಜ ಒಡೆಯರು ಕೋಟೆ ವಶಮಾಡಿಕೊಂಡು ಇಲ್ಲೇ ಮೊದಲ ದಸರೆ ನಡೆಸಿದರು. ಕಂಠೀರವ ನರಸರಾಜ ಒಡೆಯರು ಅದನ್ನು ಬಲಪಡಿಸಿದರು, ಹೈದರ್ ಬಲಪಡಿಸಿದ, ಟಿಪ್ಪು ಫ್ರೆಂಚರ ನೆರವಿನಿಂದ ಒಳಗೊಂದು ಹೊರಗೊಂದು ಗೋಡೆ, ನಡುವೆ ಆಳದ ಕಂದಕ ಮಾಡಿ ಮತ್ತೂ ಬಿಗಿಮಾಡಿದ. ಒಬ್ಬ ಕಟ್ಟಿದ ಕೋಟೆಯಲ್ಲ ಇದು. ಗೋಡೆಯ ಬುಡದಲ್ಲಿ ನಿಂತು ನೋಡಿದರೆ ಕಲ್ಲಿನ ವರಸೆಯೇ ಮೊಳಮೊಳಕ್ಕೆ ಬದಲಾಗುತ್ತದೆ: ಕೆಳಗೆ ದೊಡ್ಡ ದೊಡ್ಡ ದಿಮ್ಮಿ, ಮೇಲೆ ಸಣ್ಣ ಕಲ್ಲು, ತೆನೆಗಳಲ್ಲಿ ಇಟ್ಟಿಗೆ ಮತ್ತು ಗಾರೆ.

ಉತ್ತರದ ಗೋಡೆ ಹಿಡಿದು ಪಶ್ಚಿಮಕ್ಕೆ ನಡೆದೆ. ಕಂದಕದಲ್ಲಿ ನೀರಿಲ್ಲ; ಒಣಗಿದ ಹುಲ್ಲು, ಎರಡು ಮೂರು ಆಡು, ಒಂದು ಮುಳ್ಳುಮುತ್ತುಗದ ಮರ. ಕರ್ನಲ್ ಬೇಲಿ ಸೆರೆಮನೆಯೆಂದು ಹೆಸರಾದ ನೆಲಮಾಳಿಗೆಯ ಕಮಾನುಗಳ ಕೆಳಗೆ ಒಂದು ಕುಟುಂಬ ಬಿಸಿಲಿಗೆ ಹೆದರಿ ಕೂತಿತ್ತು. ಸಂಕೋಲೆ ಕಟ್ಟುತ್ತಿದ್ದ ಕಲ್ಲಿನ ತೂತುಗಳಲ್ಲಿ ಅವರ ಮಗು ಬೆರಳಿಟ್ಟು ಆಡುತ್ತಿತ್ತು. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕ ಇಂಗ್ಲಿಷ್ ಪಡೆಯ ಬೇಲಿ 1782ರಲ್ಲಿ ಈ ಊರಿನಲ್ಲೇ ಸತ್ತ. ಅದೇ ಯುದ್ಧದಲ್ಲಿ ಸಿಕ್ಕಿದ ಇನ್ನೊಬ್ಬ, ಡೇವಿಡ್ ಬೇರ್ಡ್, ನಾಲ್ಕು ವರ್ಷದ ಹತ್ತಿರ ಇಲ್ಲಿ ಸರಪಳಿಯಲ್ಲಿದ್ದು 1784ರಲ್ಲಿ ಬಿಡುಗಡೆಯಾದ. ಹದಿನೈದು ವರ್ಷದ ಮೇಲೆ ಅವನು ಇದೇ ಕೋಟೆಗೆ ಬೇರೆ ದಾರಿಯಿಂದ ಬಂದ.

ಆ ದಾರಿ ಇರುವುದು ಪಶ್ಚಿಮದ ಮೂಲೆಯಲ್ಲಿ. ಗೋಡೆ ಬಿರಿದ ಜಾಗ. ಪಕ್ಕದಲ್ಲಿ 1907ರಲ್ಲಿ ನಿಲ್ಲಿಸಿದ ಸ್ಮಾರಕ ಕಂಬ. ಅಲ್ಲಿಂದ ಕೆಳಗೆ ನೋಡಿದರೆ ಹೊಳೆ, ಆಚೆ ದಡ, ಆಚೆ ದಡದ ಗದ್ದೆ ಬಯಲು. ನಾನು ಇಳಿದು ನೀರಿನ ತನಕ ಹೋದೆ. ಹೆಂಗಸೊಬ್ಬರು ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದರು. ಒಗೆದ ಸೀರೆಗಳು ಕೆಂಪು, ಹಳದಿ, ಪಾಚಿಹಸಿರಾಗಿ ಕಾದ ಕಲ್ಲುಗಳ ಮೇಲೆ ಹರಡಿದ್ದವು.

“ಎಲ್ಲಿಂದ ಬಂದ್ರಣ್ಣ?” ಎಂದರು.

“ಕೆಂಗಲ್ ಕಡೆಯಿಂದ ಕಣವ್ವ.”

“ಆಂಜನೇಯನ ಗುಡೀತವಾ? ಬಿಸ್ಲಲ್ಲಿ ಬಂದಿದ್ದೀರಲ್ಲ. ನೋಡಿ, ಈಗ ಆ ದಡದ ಗಂಟ ಮಂಡಿ ನೆನೀದಂಗೆ ಹೋಗ್ಬೋದು. ಆಸಾಡದಲ್ಲಿ ಬನ್ನಿ, ನೀವು ನಿಂತಿರೋ ಕಲ್ಲೂ ಕಾಣಕಿಲ್ಲ.” ಸೀರೆಯೊಂದನ್ನು ಹಿಂಡಿ ಕೊಡವಿ ಮತ್ತೆ ಹೇಳಿದರು: “ಬಾಳ ಹೊತ್ತು ನಡು ಹೊಳೇಲಿ ನಿಂತ್ಕಬ್ಯಾಡಿ. ಕಟ್ಟೆಯೋರು ನೀರು ಬಿಟ್ರೆ ಗೊತ್ತೇ ಆಗ್ದಂಗೆ ಏರ್ಬುಡ್ತದೆ.”

ಕೋಟೆಯ ಇತಿಹಾಸದ ತಿರುಳು ಅವರ ಮಾತಿನಲ್ಲೇ ಇತ್ತು. ಶ್ರೀರಂಗಪಟ್ಟಣದ ಮೊದಲ ಗೋಡೆ ಕಲ್ಲಿನದಲ್ಲ, ನೀರಿನದು. ಮುಂಗಾರು ಬಿದ್ದು ಹೊಳೆ ಕಟ್ಟಿದ ಮೇಲೆ ಯಾವ ದಂಡೂ ಅದನ್ನು ದಾಟುವ ಆಸೆ ಇಟ್ಟುಕೊಳ್ಳುವಂತಿರಲಿಲ್ಲ. ಮಳೆ ಹಿಂದೆಗೆದು, ಚಳಿ ಕಳೆದು, ಮಾವು ಚಿಗುರಿ ಕೋಗಿಲೆ ಕೂಗುವ ಹೊತ್ತಿಗೆ ಆ ಗೋಡೆ ತಾನಾಗಿ ಕರಗಿ ಹೋಗುತ್ತಿತ್ತು. ಮಿಕ್ಕವರಿಗೆಲ್ಲ ವಸಂತ ಹಬ್ಬದ ಕಾಲವಾದರೆ ಈ ಊರಿಗೆ ಎದೆ ನಡುಗುವ ಕಾಲ. ಮೆಡಿಟರೇನಿಯನ್ ಸಮುದ್ರದ ರೋಡ್ಸ್ ದ್ವೀಪದಲ್ಲೂ ಇಂಥದೇ ಮಧ್ಯಯುಗದ ಕೋಟೆಯೂರು ಇದೆ. 1480ರಲ್ಲಿ ಮುತ್ತಿಗೆಯನ್ನು ತಾಳಿಕೊಂಡು, 1522ರಲ್ಲಿ ಆಟೊಮನ್ ಸುಲ್ತಾನ ಸುಲೇಮಾನನಿಗೆ ಸೋತ ಊರು. ಆದರೆ ಅದರ ಸುತ್ತಲಿನ ಸಮುದ್ರಕ್ಕೆ ಬತ್ತುವ ಮಾತಿಲ್ಲ. ಹೊಳೆಯನ್ನು ನಂಬಿದ ದ್ವೀಪದ ಕಷ್ಟವೇ ಬೇರೆ. ವರ್ಷದಲ್ಲಿ ಕೆಲವು ತಿಂಗಳು ಅದು ದ್ವೀಪವಾಗಿಯೇ ಇರುವುದಿಲ್ಲ.

ದಂಡೆತ್ತಿ ಬಂದವರ ತಾರೀಖುಗಳನ್ನು ಜೋಡಿಸಿ ನೋಡಿ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಹಿಡಿದ ಕಾರ್ನ್‌ವಾಲಿಸ್ ನೆಟ್ಟಗೆ ಇತ್ತ ಹೊರಟ. ಚನ್ನಪಟ್ಟಣದ ದಾರಿಯನ್ನು ಟಿಪ್ಪು ಬರಿದು ಮಾಡಿಸಿದ್ದರಿಂದ ಕಾನಕಾನಹಳ್ಳಿಯ ಕಾಡುದಾರಿ ಹಿಡಿಯಬೇಕಾಯಿತು. ಮೇ 15ರಂದು ಅರಕೆರೆಯ ಬಳಿ ಗೆದ್ದದ್ದೇನೋ ಹೌದು, ಆದರೆ ಮಳೆ ಆಗಲೇ ಹಿಡಿದಿತ್ತು. ಹೊಳೆ ಏರುತ್ತಿತ್ತು, ಎತ್ತುಗಳು ಮೇವಿಲ್ಲದೆ ರೋಗ ಬಂದು ಸಾಯುತ್ತಿದ್ದವು. ಎಳೆಯುವವರಿಲ್ಲದ ದೊಡ್ಡ ತೋಪುಗಳನ್ನು ಕನ್ನಂಬಾಡಿಯ ಹತ್ತಿರ ತಾನೇ ಒಡೆದುಹಾಕಿ ಅವನು ಹಿಂದಕ್ಕೆ ಹೋದ. ಮರುವರ್ಷ ತಡಮಾಡಲಿಲ್ಲ; ಫೆಬ್ರುವರಿ 6ರ ರಾತ್ರಿಯೇ ಮೇಲೆ ಬಿದ್ದ. ಆ ಬೇಸಿಗೆಯ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಜೊತೆಗೆ ಒತ್ತೆಯಾಗಿ ತನ್ನ ಇಬ್ಬರು ಗಂಡುಮಕ್ಕಳನ್ನು ಕೊಡಬೇಕಾಯಿತು.

ಕೊನೆಯ ಸಲ, 1799ರಲ್ಲಿ, ಇಂಗ್ಲಿಷರ ಜನರಲ್ ಹ್ಯಾರಿಸ್‌ನ ಸೈನ್ಯ ಮತ್ತೆ ಕಾನಕಾನಹಳ್ಳಿಯ ಮೇಲೆ ಹಾದು, ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕಾದಾಡಿ, ಸೋಸಲೆಯ ಬಳಿ ಕಾವೇರಿ ದಾಟಿ, ಏಪ್ರಿಲ್ 5ಕ್ಕೆ ಕೋಟೆಯ ಪಶ್ಚಿಮಕ್ಕೆ ಬಂದು ಬೀಡುಬಿಟ್ಟಿತು. ಆಗ ಚೈತ್ರ ಮಾಸ. ಆ ತಿಂಗಳು ಪೂರ್ತಿ ಎರಡೂ ಕಡೆಯವರ ಕಣ್ಣು ಆಕಾಶದ ಮೇಲೆ. ಮುಂಗಾರಿನ ಮೋಡ ಬೇಗ ಬಂದರೆ ಟಿಪ್ಪು ಗೆಲ್ಲುತ್ತಿದ್ದ, ಬಾರದಿದ್ದರೆ ಹ್ಯಾರಿಸ್. ಅವನ ದಂಡಿನಲ್ಲಿ ಅಕ್ಕಿ ಮುಗಿಯುತ್ತ ಬಂದಿತ್ತು, ದನಗಳು ಸತ್ತಿದ್ದವು, ಹಿಂದಿರುಗುವ ದಾರಿಯೇ ಇರಲಿಲ್ಲ. ಮೋಡ ಬರಲಿಲ್ಲ. ಮೇ 4ರ ಮಧ್ಯಾಹ್ನ ಒಂದೂವರೆಯ ಸುಮಾರಿಗೆ, ಕಾವಲಿನವರು ಊಟಕ್ಕೆ ಸರಿಯುವ ಹೊತ್ತಿನಲ್ಲಿ, ಬೇರ್ಡ್ ಕತ್ತಿ ಹಿರಿದು ಈ ಹೊಳೆಗೆ ಇಳಿದ. ನೀರು ಕೆಲವು ಕಡೆ ಕಾಲ್ಗಿಣ್ಣಿಗೆ, ಕೆಲವು ಕಡೆ ಸೊಂಟಕ್ಕೆ. ನಿಮಿಷಗಳಲ್ಲಿ ಅವರು ಬಿರುಕು ಹತ್ತಿದ್ದರು. ಸಂಜೆಗೆ ಟಿಪ್ಪುವಿನ ದೇಹ ಉತ್ತರದ ಒಳಬಾಗಿಲಿನ ಬಳಿ, ಹೆಣಗಳ ರಾಶಿಯ ನಡುವೆ ಸಿಕ್ಕಿತು.

ಬಂಡೆಯ ಮೇಲೆ ನಿಂತು ಆ ಗೋಡೆಯನ್ನು ಕೆಳಗಿನಿಂದ ನೋಡಿದವರಿಗೆ ಒಂದು ಸಂಗತಿ ಮನದಟ್ಟಾಗುತ್ತದೆ. ದ್ರೋಹದ ಕಥೆ, ಪರಾಕ್ರಮದ ಕಥೆ ಎರಡನ್ನೂ ನಾವು ಬೇಕಾದಷ್ಟು ಕೇಳಿದ್ದೇವೆ. ಅವೆರಡರ ನಡುವೆ ಹೊಳೆಯ ಪಾತ್ರವನ್ನು ಮರೆತಿದ್ದೇವೆ. ಈಗ ಕಾವೇರಿಯ ಏರಿಳಿತ ಕನ್ನಂಬಾಡಿ ಕಟ್ಟೆಯ ತೂಬುಗಳ ಕೈಯಲ್ಲಿದೆ. 1911ರಲ್ಲಿ ಕೆಲಸ ಹಿಡಿದ ಆ ಕಟ್ಟೆ ಮೇಲೆದ್ದ ಮೇಲೆ ಈ ಊರಿನ ಚೈತ್ರವೇ ಬೇರೆಯಾಯಿತು. ಕಾರ್ನ್‌ವಾಲಿಸ್ ತನ್ನ ತೋಪುಗಳನ್ನು ಒಡೆದದ್ದೂ ಅದೇ ನೆಲದಲ್ಲಿ ಎಂಬುದು ನೆನಪಾದಾಗ ಮೈ ಜುಮ್ಮೆನ್ನುತ್ತದೆ.

ಮಧ್ಯಾಹ್ನಕ್ಕೆ ಊರೊಳಗೆ ಬಂದೆ. ರಥಬೀದಿಯಲ್ಲಿ ರಾಮನವಮಿಯ ಚಪ್ಪರ. ಹುಡುಗರು ದಾರಿಹೋಕರನ್ನೆಲ್ಲ ತಡೆದು ಪಾನಕ, ನೀರುಮಜ್ಜಿಗೆ, ಕೋಸಂಬರಿ ಕೊಡುತ್ತಿದ್ದರು. ಕರಬೂಜದ ಹಣ್ಣು, ಯಾಲಕ್ಕಿ, ಬೆಲ್ಲ ಹಾಕಿದ ಪಾನಕ ಗಂಟಲಲ್ಲಿ ಇಳಿದ ಮೇಲೆ ಬಿಸಿಲಿನ ಹೆದರಿಕೆ ಹೋಯಿತು. ರಂಗನಾಥನ ಗುಡಿಯ ಒಳಗೆ ಕಾಲಿಟ್ಟರೆ ಕಲ್ಲಿನ ತಂಪು ಅಂಗಾಲಿನಿಂದ ಏರುತ್ತದೆ. ಕಂಬಗಳ ಸಾಲು ದಾಟಿ ಒಳಗೆ ಹೋದಂತೆ ಬೆಳಕು ಕಡಿಮೆಯಾಗುತ್ತ, ಕೊನೆಗೆ ದೀಪದ ಬೆಳಕಿನಲ್ಲಿ ಆದಿಶೇಷನ ಮೇಲೆ ಮಲಗಿದ ದೊಡ್ಡ ಕರಿಯ ಮೂರ್ತಿ, ಪಾದದ ಬಳಿ ಕಾವೇರಮ್ಮ. ಇಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಮೂವರೂ ಮಲಗಿರುವುದು ಕಾವೇರಿಯ ದ್ವೀಪಗಳಲ್ಲೇ.

ಗುಡಿಯ ಎದುರಿಗೆ ಲಾಲ್ ಮಹಲಿನ ನೆಲಗಟ್ಟು. ಟಿಪ್ಪು ವಾಸವಿದ್ದ ಅರಮನೆ. ಗುಡಿಯ ಗಂಟೆ ಅವನ ಕಿವಿಗೆ ಬೀಳದೆ ಇದ್ದಿರಲಾರದು. ಅವನು ರಂಗನಾಥನಿಗೆ ಕೊಟ್ಟ ಬೆಳ್ಳಿ ಪಾತ್ರೆಗಳ ದಾಖಲೆಯೂ ಇದೆ. ಅರಮನೆಯಲ್ಲಿ ಉಳಿದಿರುವುದು ತಳಪಾಯ, ಕೆಲವು ಗೋಡೆ. ಟಿಪ್ಪುವಿನ ಅರಮನೆಯ ಭಾರಿ ತೊಲೆಗಳು ಎಲ್ಲಿ ಹೋದವು ಎಂದರೆ ಉದಕಮಂಡಲಕ್ಕೆ. 1830ರ ಸುಮಾರಿಗೆ ಅಲ್ಲಿ ಕಟ್ಟಿದ ಸೇಂಟ್ ಸ್ಟೀಫನ್ ಚರ್ಚಿನ ಮಾಡನ್ನು ಇವತ್ತೂ ಹೊತ್ತು ನಿಂತಿರುವುದು ಇಲ್ಲಿಂದ ನೀಲಗಿರಿಯ ಘಟ್ಟ ಹತ್ತಿಸಿದ ಮರ. ಊಟಿಗೆ ಹೋಗುವ ನಮ್ಮವರು ಬೊಟಾನಿಕಲ್ ಗಾರ್ಡನ್ ನೋಡಿ ಬರುತ್ತಾರೆ. ಆ ಚರ್ಚಿನ ಒಳಗೆ ಹೋಗಿ ಒಂದು ಸಲ ತಲೆಯೆತ್ತಿ ನೋಡಬೇಕು.

ಅಲ್ಲಿಂದ ಪೂರ್ವಕ್ಕೆ, ಬೆಂಗಳೂರು ಬಾಗಿಲ ಬಳಿ 1787ರಲ್ಲಿ ಮುಗಿದ ಮಸೀದಿ. ಅದರ ಎರಡು ಮಿನಾರಗಳ ಮೈತುಂಬ ಗೂಡು, ಗೂಡಿಗೊಂದು ಪಾರಿವಾಳ. ಬಾಂಗ್ ಆದಾಗ ಅವೆಲ್ಲ ಒಮ್ಮೆಗೇ ಎದ್ದು, ಕೋಟೆಯ ಮೇಲೊಂದು ಸುತ್ತು ಹಾಕಿ, ತಮ್ಮ ತಮ್ಮ ಗೂಡಿಗೇ ಬಂದು ಕೂತವು. ಕೋಟೆಯೊಳಗಿನ ಬೀದಿಗಳಲ್ಲಿ ಈಗಲೂ ಸಂಸಾರಗಳಿವೆ: ಜಗಲಿಯ ಮೇಲೆ ಹಪ್ಪಳ ಒಣಗಿದೆ, ಹಿತ್ತಲಲ್ಲಿ ನುಗ್ಗೆ ಹೂ ಬಿಟ್ಟಿದೆ. ಒಂದು ಮನೆಯ ಬಾಗಿಲಿಗೆ ಯುಗಾದಿಗೆ ಕಟ್ಟಿದ ಮಾವಿನ ತೋರಣ ಹಾಗೇ ಇತ್ತು. ಬರೀ ನೋಡುವ ಕೋಟೆಗಳು ನಾಡಿನಲ್ಲಿ ಬೇಕಾದಷ್ಟಿವೆ. ಜನ ಹುಟ್ಟಿ, ಬೆಳೆದು, ಜಗಳವಾಡಿ, ಮದುವೆಯಾಗಿ ಬದುಕುವ ಕೋಟೆ ಅಪರೂಪ. ನನಗೆ ಈ ಊರಿನ ಮೇಲೆ ಪ್ರೀತಿ ಹುಟ್ಟಿದ್ದು ಆ ಕಾರಣಕ್ಕೇ.

ಕೋಟೆಯಿಂದ ಹೊರಗೆ, ದ್ವೀಪದ ಪೂರ್ವಭಾಗ ತೋಟಗಳದ್ದು. 1784ರ ದರಿಯಾ ದೌಲತ್ ಸಾಲುಮರಗಳ ನಡುವೆ ತಗ್ಗಾಗಿ ಕೂತಿದೆ. ಬಿಸಿಲಿಗೆ ಹೊರಗೆಲ್ಲ ಪರದೆ ಇಳಿಬಿಟ್ಟಿದ್ದರು. ಪರದೆಯ ಹಿಂದಿನ ಪಶ್ಚಿಮದ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧ. ಆನೆ, ಕುದುರೆ, ಸಾಲುಗಟ್ಟಿದ ಸಿಪಾಯಿಗಳು, ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿರುವ ಬೇಲಿ. ಅಷ್ಟು ರಕ್ತದ ನಡುವೆ ಟಿಪ್ಪು ಹೂವೊಂದನ್ನು ಮೂಸುತ್ತಿದ್ದಾನೆ. ಸೆರೆಮನೆಯ ಕಲ್ಲಿನ ತೂತುಗಳನ್ನು ನೋಡಿ ಬಂದವರಿಗೆ ಈ ಚಿತ್ರ ಬೇರೆಯೇ ಆಗಿ ಕಾಣುತ್ತದೆ. ಇದೇ ಮನೆಯಲ್ಲಿ 1799ರ ನಂತರ ಆರ್ಥರ್ ವೆಲ್ಲೆಸ್ಲಿ ವಾಸವಿದ್ದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು.

ಅದೇ ಪೂರ್ವಭಾಗದ ಗಂಜಾಮಿನ ಕಥೆ ಸಂಕಟದ್ದು. ಊರು ತುಂಬಲೆಂದು ಟಿಪ್ಪು ಸಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ತಂದು ಇಲ್ಲಿ ನೆಲೆ ಮಾಡಿಸಿದ. ಈಗ ಅಲ್ಲಿ ನಿಮಿಷಾಂಬೆಯ ಗುಡಿಗೆ ನೂಕುನುಗ್ಗಲು. ಹಿಂದೆ ಗಂಜಾಮಿನ ಅಂಜೂರ ಅಂದರೆ ಮೈಸೂರು ಸೀಮೆಗೆಲ್ಲ ಹೆಸರು. ಗುಂಬಜ್‌ನ ಕರಿಕಲ್ಲಿನ ಕಂಬಗಳ ನೆರಳಲ್ಲಿ ಸ್ವಲ್ಪ ಹೊತ್ತು ಕೂತೆ. ಒಳಗೆ ಗೋಡೆಗೆಲ್ಲ ಹುಲಿಪಟ್ಟೆ; ಹೈದರ್, ಅವನ ಹೆಂಡತಿ, ಮಗ ಮೂವರ ಗೋರಿಯೂ ಒಂದೇ ಕಡೆ. ಸಂಗಮದಲ್ಲಿ ಹರಿಗೋಲಿನವರಿಗೆ ಕೆಲಸವಿರಲಿಲ್ಲ. ಹರಿಗೋಲು ಬೋರಲು ಹಾಕಿ ನೆರಳಿಗೆ ಕೂತಿದ್ದ ಹುಡುಗನೊಬ್ಬ, “ನೀರಿಲ್ಲ ಸಾರ್, ರಂಗನತಿಟ್ಟಿಗೆ ಹೋಗಿ, ಅಲ್ಲಿ ಬೋಟು ಓಡ್ತದೆ” ಎಂದ. ದ್ವೀಪದಿಂದ ಪಶ್ಚಿಮಕ್ಕೆ ಮೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಆ ನಡುಗಡ್ಡೆಗಳನ್ನು ಸಲೀಂ ಅಲಿ ಅವರ ಸಲಹೆಯ ಮೇರೆಗೆ 1940ರಲ್ಲಿ ಮೈಸೂರು ಸರ್ಕಾರ ಪಕ್ಷಿಧಾಮ ಮಾಡಿತು. ಕೋಟೆ ಸೋತ ಅದೇ ಚೈತ್ರ ಅಲ್ಲಿ ಸಾವಿರಾರು ಹಕ್ಕಿಗಳಿಗೆ ಮರಿ ಮಾಡುವ ಕಾಲ.

ಸೋಲಿನ ಮೇಲೆ ಪಟ್ಟಣ ಖಾಲಿಯಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಐದರ ವಯಸ್ಸಿನಲ್ಲಿ ಪಟ್ಟಕ್ಕೇರಿಸಿದ್ದು ಮೈಸೂರಿನಲ್ಲಿ. ದರ್ಬಾರು, ವ್ಯಾಪಾರ, ಕಸುಬು ಎಲ್ಲ ಅತ್ತ ಹೋದವು. 1800ರಲ್ಲಿ ಇಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್, ಟಿಪ್ಪುವಿನ ಕಾಲಕ್ಕೆ ಒಂದೂವರೆ ಲಕ್ಷವಿದ್ದ ಜನ ಸುಮಾರು 32,000ಕ್ಕೆ ಇಳಿದಿದ್ದಾರೆಂದು ಅಂದಾಜು ಮಾಡಿದ. ಉಳಿದವರನ್ನು ಚಳಿಜ್ವರ ತಿಂದಿತು. ಅದೇ 1800ರಲ್ಲಿ ದಿವಾನ್ ಪೂರ್ಣಯ್ಯ ನಮ್ಮ ಕಡೆ ಒಂದು ಹೊಸ ಪೇಟೆ ಕಟ್ಟಿಸಿ, ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದು ಆಮೇಲೆ ಮೈಸೂರಿನ ರೆಸಿಡೆಂಟನಾದ ಬ್ಯಾರಿ ಕ್ಲೋಸ್‌ನ ಹೆಸರಿಟ್ಟರು. ಕ್ಲೋಸ್‌ಪೇಟೆ, ಇಂದಿನ ರಾಮನಗರ. ಬೆಳಗ್ಗೆ ರೈಲಿನಲ್ಲಿ ಕಂಡ ರೈತರು ಗೂಡು ಮಾರಿ ಬಂದ ಆ ರೇಷ್ಮೆಯ ಊರು ಈ ದ್ವೀಪದ ಸೋಲಿನಲ್ಲಿ ಹುಟ್ಟಿದ್ದು. 1804ರಲ್ಲಿ ಪೂರ್ಣಯ್ಯನವರೇ ಉತ್ತರದ ಕವಲಿಗೆ ಕಲ್ಲುಕಂಬ, ಕಲ್ಲುಚಪ್ಪಡಿಗಳ ಸೇತುವೆ ಹಾಕಿಸಿ ಗವರ್ನರ್ ಜನರಲ್ ಆಗಿದ್ದ ಇನ್ನೊಬ್ಬ ವೆಲ್ಲೆಸ್ಲಿಯ ಹೆಸರಿಟ್ಟರು. ಎಷ್ಟೋ ಪ್ರವಾಹಗಳನ್ನು ತಡೆದುಕೊಂಡ ಸೇತುವೆ ಅದು. ನೀರಿಳಿದ ಈ ದಿನಗಳಲ್ಲಿ ಅದರ ಕಂಬಗಳ ಬುಡದವರೆಗೂ ನೋಡಬಹುದು.

ಸಂಜೆಯ ರೈಲಿಗೆ ಇನ್ನೂ ಹೊತ್ತಿತ್ತು. ದಕ್ಷಿಣದ ಗೋಡೆ ನೋಡಿಬಿಡೋಣವೆಂದು ಮೈಸೂರು ಬಾಗಿಲ ಕಡೆ ನಡೆದೆ. ಗೋಡೆಯ ಸಂದುಸಂದಿನಲ್ಲೂ ಅರಳಿ, ಗೋಣಿಯ ಸಸಿಗಳು. ಎಳೆಯ ತಾಮ್ರಬಣ್ಣದ ಎಲೆಗಳು ಇಳಿಬಿಸಿಲಿಗೆ ಬಹಳ ಚಂದ ಕಾಣುತ್ತಿದ್ದವು. ಫಿರಂಗಿ ಗುಂಡು ಒಂದು ಕಡೆ ಒಡೆದ ಗೋಡೆಯನ್ನು ಈಗ ಈ ಬೇರುಗಳು ನೂರು ಕಡೆ ಒಡೆಯುತ್ತಿವೆ. ಬೇರು ಕಲ್ಲನ್ನು ಸಡಿಲ ಮಾಡುತ್ತದೆ, ಮಳೆನೀರು ಆ ಸಂದಿನಲ್ಲಿ ಇಳಿದು ಒಳಗಿನ ಮಣ್ಣನ್ನು ತೊಳೆಯುತ್ತದೆ, ಒಂದು ಮಳೆಗಾಲದ ರಾತ್ರಿ ಹತ್ತು ಮಾರು ಗೋಡೆ ಕುಸಿಯುತ್ತದೆ. ಬೊಡ್ಡೆಯನ್ನು ಮೇಲೆ ಕಡಿದರೆ ಸಾಲದು, ಮತ್ತೆ ಚಿಗುರುತ್ತದೆ. ಕಲ್ಲು ಬಿಚ್ಚಿ, ಬೇರು ತೆಗೆದು, ಸುಣ್ಣದ ಗಾರೆಯಲ್ಲಿ ಮತ್ತೆ ಕೂರಿಸಬೇಕು. ಸಿಮೆಂಟು ಮೆತ್ತುವುದು ಸುಲಭ, ಆದರೆ ಹಳೆಯ ಗಾರೆಗೂ ಅದಕ್ಕೂ ಹೊಂದುವುದಿಲ್ಲ.

ಗೋಡೆಯ ಬುಡದಲ್ಲಿ ಸುಣ್ಣ ಕಲಸುತ್ತಿದ್ದ ಗಾರೆ ಕೆಲಸದ ಹಿರಿಯರೊಬ್ಬರನ್ನು, ಎಷ್ಟು ದಿನದ ಕೆಲಸ ಯಜಮಾನ್ರೆ ಎಂದು ಕೇಳಿದೆ.

“ಮುಂಗಾರು ಹತ್ತಕ್ಕೆ ಮುಂಚೆ ಈ ಮಗ್ಗಲು ಮುಗೀಬೇಕು ಸಾರ್” ಎಂದರು. “ಗಾರೆ ಬಿಗಿಯಾಗಕ್ಕೆ ಟೈಮು ಬೇಕು. ಹಸಿ ಇದ್ದಾಗ ಜೋರು ಮಳೆ ಬಿತ್ತು ಅಂದ್ರೆ ಎಲ್ಲ ತೊಳ್ಕೊಂಡೋಯ್ತದೆ.”

ಅವರು ಕೈತೋರಿದ ಕಡೆಗೆ ಇನ್ನೂ ನೂರಾರು ಅಡಿ ಗೋಡೆ ಬಾಕಿ ಇತ್ತು, ಆಳುಗಳು ನಾಲ್ವರು.